ಒಂದು ಮತಕ್ಕೆ ಬಿದ್ದ ಸರ್ಕಾರ

ಅಕ್ಟೋಬರ್ ೧೪, ಡಬ್ಲಿನ್

ಪಕ್ಷೇತರ ಸಂಸದೆಯಾದ ನನ್ನ ಒಂದು ಮತಕ್ಕೆ ಇವತ್ತು ಸರ್ಕಾರವೇ ಬಿತ್ತು. ನಮ್ಮೂರು ಲೀಟ್ರಿಮ್‌ನ ಆಸ್ಪತ್ರೆ ಮುಚ್ಚಿಸುವ ಬಜೆಟ್ಟಿಗೆ ನಾನು ಹೇಗೆ ಹೂಂ ಅನ್ನಲಿ? ಬೆಳಿಗ್ಗೆಯೇ ಪ್ರಧಾನಿ ಟೂಹಿಯವರಿಗೆ ವಿರುದ್ಧ ಮತ ಹಾಕುತ್ತೇನೆಂದು ಹೇಳಿದ್ದೆ. ಗದರಿಸುತ್ತಾರೆ ಅಂದುಕೊಂಡರೆ, "ನಿನ್ನನ್ನ ಇಲ್ಲಿಗೆ ಕಳಿಸಿದ್ದು ಲೀಟ್ರಿಮ್ ಜನ ಕಣಮ್ಮ, ನಾನಲ್ಲ" ಅಂದರು.

ಸಂಜೆ ಮತ ಎಣಿಸಿ ಹೇಳಿದಾಗ ಅವರು ಎದ್ದು ನಿಂತರು. "ಸದನದ ಬೆಂಬಲ ಇಲ್ಲದವನಿಗೆ ಈ ಕುರ್ಚಿ ಇಲ್ಲ. ರಾಷ್ಟ್ರಪತಿಗಳನ್ನ ಕಾಣೋಕೆ ಹೊರಟೆ." ಅಷ್ಟೇ ಮಾತು! ಅವರ ಪಕ್ಷದ ಫೆಲಿಮ್ ನನ್ನ ಕಡೆ ತಿರುಗಿ "ಮನೆಹಾಳಿ!" ಎಂದು ಕಿರುಚಿದ.

"ಸುಮ್ನಿರೋ, ಆಕೆ ತನ್ನ ಕೆಲಸ ಮಾಡಿದ್ದಾಳೆ" ಅಂದವರೇ ಟೂಹಿ ಬಾಗಿಲ ಕಡೆ ನಡೆದರು.

ಇಡೀ ದೇಶದ ಅಧಿಕಾರವನ್ನು ಮನುಷ್ಯ ಇಷ್ಟು ಹಗುರವಾಗಿ ಕೆಳಗಿಡಬಹುದೇ? ಅವರನ್ನು ಬೀಳಿಸಿದವಳು ನಾನು. ಆದರೂ ಅವರು ಹೋಗುವಾಗ, ನನಗೇ ಗೊತ್ತಿಲ್ಲದೆ, ಎದ್ದು ನಿಂತಿದ್ದೆ.