ಅಳಿಸಿದ ಆರು ಗೀರು

ಗದಗ,
ಹದಿಮೂರನೆಯ ತಿಂಗಳು, ತಾರೀಖು ೪, ಕ್ರಿ.ಶ. ೨೧೩೧

ನೂರು ವರ್ಷದ ಹಿಂದೆ ಹಳೆಯ ಕೈಗಡಿಯಾರ ಸಂಗ್ರಹಿಸುತ್ತಿರುವ ಮಹನೀಯರಿಗೆ,

ರೆಸ್ಪೆಕ್ಟೆಡ್ ಸರ್ ಅಥವಾ ಮೇಡಂ, ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಐಚ್ಛಿಕ ವಿಷಯವಾಗಿತ್ತು, ನೆನಪಿರುವುದು ಇಷ್ಟೇ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ತಿಂಗಳು ಹದಿಮೂರಾದದ್ದು ಹೇಗೆಂದು ಕೇಳಬೇಡಿ, ಅದು ಬೇರೆ ಕಥೆ.

ನಮ್ಮಲ್ಲಿ ಗೋಡೆಗಳೇ ಹೊತ್ತು ಹೇಳುತ್ತವೆ, ಹಾಲು ಉಕ್ಕುವ ಮುಂಚೆ ಕೂಗುತ್ತವೆ. ಮಣಿಕಟ್ಟಿಗೆ ಯಾರೂ ಏನೂ ಕಟ್ಟುವುದಿಲ್ಲ. ಬರ ಇರುವುದು ಲೋಹಕ್ಕೆ. ಚಮಚದಿಂದ ಮೊಳೆಯವರೆಗೆ ಎಲ್ಲವೂ ಕರಗುಮನೆಗೆ, ಅಂದರೆ ಲೋಹ ಕರಗಿಸುವ ಸರ್ಕಾರಿ ಭಟ್ಟಿಗೆ, ಹೋಗಬೇಕು. ಹಳೆಯ ಗಡಿಯಾರಕ್ಕೆ ವಿನಾಯಿತಿ ಉಂಟು. ಆದರೆ ಇಟ್ಟುಕೊಂಡವರು ತೀರಿಕೊಂಡ ಮೇಲೆ ತಪಾಸಣೆಯಾಗುತ್ತದೆ: ಮೊದಲಿನಿಂದ ಒಂದೇ ಗಡಿಯಾರವೋ, ನಾಲ್ಕು ಗಡಿಯಾರಗಳ ಭಾಗ ಜೋಡಿಸಿದ್ದೋ ಎಂದು. ಜೋಡಿಸಿದ್ದಾದರೆ ಅದೂ ಭಟ್ಟಿಗೆ. ಅದನ್ನು ನೋಡಿ ಹೇಳುವ ಗುರುತುಗಾರನಾಗಿ ಮೂವತ್ತು ವರ್ಷ ದುಡಿದವನು ನಾನು. ಡಯಲ್ಲನ್ನು ನಂಬುವುದಿಲ್ಲ, ಮುಳ್ಳನ್ನೂ ನಂಬುವುದಿಲ್ಲ. ನಿಮ್ಮ ಕಾಲದ ರಿಪೇರಿಯವರು ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀರಿಟ್ಟ ತಾರೀಖು, ಹೆಸರಿನ ಮೊದಲಕ್ಷರ, ಯಂತ್ರದ ನಂಬರು, ಇವೇ ನಮಗೆ ಸಾಕ್ಷಿ.

ನನ್ನ ಹೆಂಡತಿ ನೀಲಾಂಬಿಕೆ ಹೋಗಿ ಎಂಟು ತಿಂಗಳಾಯಿತು. ಅವಳ ಮುತ್ತಜ್ಜಿಯ, ಅಂದರೆ ನಿಮ್ಮ ಕಾಲದವರ, ಕೀಲಿ ಕೊಡುವ ಕೈಗಡಿಯಾರ ನನ್ನ ಮುಂದಿದೆ. ಮದುವೆಯಾದ ಹೊಸತರಲ್ಲಿ, ಈ ಕೆಲಸದ ಗಂಧವಿಲ್ಲದಾಗ, ಅವಳನ್ನು ಮೆಚ್ಚಿಸಲೆಂದು ಅದನ್ನು ಬಿಚ್ಚಿದ್ದೆ. ಮುಚ್ಚಳದೊಳಗೆ ಅಂಥವೇ ಆರು ಗೀರು ಕಂಡವು. ಯಾರೋ ಒರಟರ ಕೈವಾಡವೆಂದುಕೊಂಡು ಕನ್ನಡಿಯಂತೆ ತಿಕ್ಕಿ ಕೊಟ್ಟೆ. ಅವಳು ತಿರುಗಿಸಿ ನೋಡಿ ಮೆಲ್ಲಗೆ ಅಂದಳು:

"ಚಂದ ಮಾಡೀರಿ. ಇನ್ನ ಇದು ನಮ್ಮ ಮುತ್ತಜ್ಜೀದು ಅಂತ ಯಾರನ್ನ ಕೇಳ್ಲಿ?"

ಆಮೇಲೆ ನಲವತ್ತು ವರ್ಷ ಆ ಮಾತೆತ್ತಲಿಲ್ಲ. ನಾನು ಗುರುತುಗಾರನಾದದ್ದೇ ಆ ಒಂದು ಮಾತಿನಿಂದ.

ನಾಳೆ ತಪಾಸಣೆ. ನೋಡುವವಳು ನಾನೇ ಕೆಲಸ ಕಲಿಸಿದ ಶಕೀಲಾ. ಗೀರಿಲ್ಲದಿದ್ದರೆ ಕರಗುಮನೆಗೇ ಬರೆಯುತ್ತಾಳೆ. ಹಾಗೆ ಬರೆಯಬೇಕೆಂದು ಕಲಿಸಿದವನೂ ನಾನೇ. ಹಳಬರ ಕೈ ಅನುಕರಿಸಿ ಆರು ಗೀರು ಎಳೆಯುವುದು ನನಗೆ ಕಷ್ಟವಲ್ಲ. ಬೆಳಗಿನಿಂದ ಎರಡು ಸಲ ಸೂಜಿ ಹಿಡಿದೆ, ಇಟ್ಟೆ. ಸುಳ್ಳು ಗೀರಿನಿಂದ ಉಳಿದರೆ ಅದು ನೀಲಾಂಬಿಕೆಯದಾಗಿ ಉಳಿಯುವುದಿಲ್ಲ, ನನ್ನದಾಗಿ ಉಳಿಯುತ್ತದೆ.

ಐ ಬೆಗ್ ಟು ಸ್ಟೇಟ್, ಮುಂದಿನದು ನೆನಪಾಗುತ್ತಿಲ್ಲ. ಇಷ್ಟೇ ಬಿನ್ನಹ: ಗಡಿಯಾರದ ಹೊರಮೈ ಎಷ್ಟು ಬೇಕಾದರೂ ಹೊಳೆಯಿಸಿ, ಒಳಮೈ ಮುಟ್ಟಬೇಡಿ. ರಿಪೇರಿಯವನು ಗೀರಿಟ್ಟರೆ ಬೈಯಬೇಡಿ.

ಮೂರನೆಯ ಸಲ ಸೂಜಿ ಹಿಡಿದು, ನನ್ನದೇ ಅಕ್ಷರದಲ್ಲಿ ಗೀರಿದ್ದೇನೆ: "ಇಲ್ಲಿದ್ದ ಆರು ಗೀರು ಅಳಿಸಿದವನು ನಾನು, ಚ. ಹೂಗಾರ." ಶಕೀಲಾ ಇದನ್ನು ಸಾಕ್ಷಿಯೆಂದು ಒಪ್ಪುವಳೋ ಇಲ್ಲವೋ ತಿಳಿಯದು. ಅವಳು ಮುಚ್ಚಳ ತೆಗೆದಾಗ ಗಡಿಯಾರ ನಿಂತಿರಬಾರದೆಂದು ತುಂಬ ಕೀಲಿ ಕೊಟ್ಟಿಟ್ಟಿದ್ದೇನೆ.

ಇಂತು,
ಚನ್ನಮಲ್ಲಪ್ಪ ಹೂಗಾರ