ಜ್ವರ ಬಂದಿರಲಿಲ್ಲ, ದೇವರು ಬಂದಿತ್ತು

19 ಅಕ್ಟೋಬರ್ 1967, ಸಂಜೆ

ಮತ್ತೆ ಶಾಲೆ. ಮತ್ತೆ ಏಳನೇ ಕ್ಲಾಸು. ಸೀಮೆಸುಣ್ಣ ಎರಡೇ ತುಂಡು ಉಳಿದಿವೆ, ಬೇಕೆಂದು ಬರೆದುಕೊಟ್ಟು ತಿಂಗಳಾಯಿತು.

ಅಮ್ಮನನ್ನು ಚುಂಚನಕಟ್ಟೆಗೆ ಕರೆದೊಯ್ದು ತುಲಾ ಸಂಕ್ರಮಣದ ಕಾವೇರಿ ಸ್ನಾನ ಮಾಡಿಸಿಕೊಂಡು ಬಂದೆ. ಎರಡು ದಿನ ಹೋಯಿತು. ಬೆಳಿಗ್ಗೆ ಬಂದ ಕೂಡಲೇ ರಜಾ ಅರ್ಜಿ — "ನನಗೆ ತೀವ್ರ ಜ್ವರ ಬಂದಿದ್ದರಿಂದ..." ಹೆಡ್‌ಮೇಷ್ಟ್ರು ಕಂಠಪ್ಪನವರು ಓದದೆಯೇ ಸೈನ್ ಹಾಕಿದರು.

"ಈಗ ಹೆಂಗಿದೆ ಸುನಂದಮ್ಮೋರೆ, ಜ್ವರ?"

"ಬಿಟ್ಟಿದೆ ಸಾರ್."

ಒದ್ದೆ ಸೀರೆ ಇನ್ನೂ ಚೀಲದಲ್ಲೇ ಇತ್ತು.

ಮಧ್ಯಾಹ್ನ ಪತ್ರಲೇಖನದ ಪೀರಿಯಡ್. ರಜಾ ಅರ್ಜಿಯ ಮಾದರಿಯನ್ನು ಬೋರ್ಡಿನ ಮೇಲೆ ಬರೆದೆ. ಅದೇ ಸಾಲು. ಹನ್ನೆರಡು ವರ್ಷದಿಂದ ಅದನ್ನೇ ಬರೆಸುತ್ತಿದ್ದೇನೆ. ಊರಲ್ಲಿ ಮಾರಿಹಬ್ಬವಾದರೂ ಜ್ವರ, ಅಜ್ಜನ ತಿಥಿಯಾದರೂ ಜ್ವರ, ಸೋದರತ್ತೆಯ ಮಗಳ ಮದುವೆಯಾದರೂ ಜ್ವರ. ಮಕ್ಕಳು ಕಾಪಿ ಮಾಡಿಕೊಂಡರು.

6 ನವೆಂಬರ್

ಕಂಠಪ್ಪನವರು ಐದು ದಿನದ ಮೇಲೆ ಬಂದರು. ಹಣೆ ತುಂಬ ವಿಭೂತಿ. ದೀಪಾವಳಿಗೆ ಮಾದಪ್ಪನ ಬೆಟ್ಟ ಹತ್ತಿದ್ದರು, ಕಾಲು ಎಳೆದುಕೊಂಡು ನಡೆಯುತ್ತಿದ್ದಾರೆ. ಎಲ್ಲರಿಗೂ ಪ್ರಸಾದ ಹಂಚಿದರು. ಸಿಬ್ಬಂದಿ ರಿಜಿಸ್ಟರಿನಲ್ಲಿ ಕಾರಣ — ಜ್ವರ. ಜ್ವರದ ಪ್ರಸಾದ ಚೆನ್ನಾಗಿತ್ತು. ಇನ್ನೊಂದು ಚೂರು ಕೇಳಿ ಇಸಿದುಕೊಂಡೆ.

20 ನವೆಂಬರ್

ಸಣ್ಣಿ ಬಂದಳು. ಹೋದ ಸೋಮವಾರದಿಂದ ಶನಿವಾರದವರೆಗೆ ಇರಲಿಲ್ಲ, ಆರು ದಿನ. ಹಳ್ಳದಾಚೆಯ ಕಾಡುಜನರ ಹಾಡಿಯಿಂದ ಏಳನೇ ಕ್ಲಾಸಿನವರೆಗೆ ಬಂದ ಮೊದಲ ಮಗು ಇವಳು. ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮುಂದು, ಮಾತಿನಲ್ಲಿ ಎಲ್ಲರಿಗಿಂತ ಹಿಂದು. ಅರ್ಜಿ ತಂದಿದ್ದಳು. ದುಂಡು ಅಕ್ಷರ.

"ಮಾನ್ಯರೇ, ನನಗೆ ಜ್ವರ ಬಂದಿರಲಿಲ್ಲ, ದೇವರು ಬಂದಿತ್ತು. ಹಾಡಿಗೆ ಎಲ್ಲೆ ಕಟ್ಟಿದ್ದರು. ಎಲ್ಲೆ ಕಟ್ಟಿದ ಮೇಲೆ ಆರು ದಿನ ಯಾರೂ ಹಳ್ಳ ದಾಟಬಾರದು. ಆದ್ದರಿಂದ ರಜೆ ಕೊಡಬೇಕಾಗಿ ಬೇಡುತ್ತೇನೆ."

ಕೆಳಗೆ ಅವಳ ತಾತ ಜೋಗಯ್ಯನ ಹೆಬ್ಬೆಟ್ಟು. ನಗು ತಡೆಯಲಾಗಲಿಲ್ಲ.

"ನಿನಗೆ ದೇವರು ಬಂದಿತ್ತೇನೇ?"

"ನಂಗಲ್ಲ ಟೀಚರಮ್ಮ, ನಮ್ ಆಡಿಗೆ."

ಅರ್ಜಿಯನ್ನು ಕಂಠಪ್ಪನವರ ಮೇಜಿನ ಮೇಲೆ ಇಟ್ಟು ಬಂದೆ.

21 ನವೆಂಬರ್, ಸಂಜೆ

ಅರ್ಜಿ ವಾಪಸ್ಸು.

"ದೇವರ ಕೆಲಸ ಅಂತ ಅರ್ಜಿ ತಗೊಂಡ್ರೆ ನಾಳೆ ಊರ್ನೋರೆಲ್ಲ ಅದನ್ನೇ ಬರೀತಾರೆ ಕಣ್ರೀ. ರೂಲ್ಸ್‌ನಲ್ಲಿ ದೇವರು ಅನ್ನೋ ಕಾಲಮ್ಮೇ ಇಲ್ಲ. ಜ್ವರ ಅಂತ ಬರಸ್ಕೊಂಡ್ ಬನ್ನಿ, ಈಗ್ಲೇ ಸೈನ್ ಹಾಕ್ತೀನಿ." ಕೆಟ್ಟ ಮನುಷ್ಯರಲ್ಲ. ಸಹಾಯ ಮಾಡುತ್ತಿದ್ದೇನೆ ಎಂದೇ ಅವರ ಭಾವನೆ.

ನನಗೂ ಹಾಗೇ ಅನಿಸಿತು. ಸಣ್ಣಿಯನ್ನು ಕರೆದು ಹೊಸ ಹಾಳೆ ಕೊಟ್ಟೆ. ಬರೆಯಲಿಲ್ಲ.

"ಇಲ್ದಿರೋ ಜರಾನ ಬರುದ್ರೆ ಬಂದ್ಬುಡ್ತದೆ ಟೀಚರಮ್ಮ."

ಸಿಟ್ಟು ಬಂತು. ಗದರಿದೆ. "ಇಡೀ ಕ್ಲಾಸು ಬರೆಯುತ್ತೆ, ನಿಂದೇನು ದೊಡ್ಡಸ್ತಿಕೆ?"

ಹುಡುಗಿ ಕಣ್ಣರಳಿಸಿ ನೋಡಿದಳು. "ಎಲ್ರಿಗೂ ದಿಟ್ವಾಗ್ಲೂ ಬಂದಿತ್ತು ಅಂದ್ಕಂಡಿದ್ದೆ." ಖಾಲಿ ಹಾಳೆಯನ್ನು ನನ್ನ ಕಡೆ ಸರಿಸಿ — "ನಿಮ್ಗೆ ಜರ ಅಂತ ಎಡ್‌ಮೇಷ್ಟ್ರು ಏಳಿದ್ರಲ್ಲ... ದೇವ್ರು ಬಂದಾಗ ನಮ್ ತಾತ ನಿಮ್ ಎಸ್ರು ಏಳಿ ಬೇಡ್ಕತು. ಟೀಚರಮ್ಮಂಗೆ ಮತ್ತೆ ಜರ ಬರ್ದಂಗೆ ಕಾಪಾಡವ್ವ ಅಂತ."

ಹೋಗು, ಕೂತುಕೋ ಅಂದೆ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ, ಬರೆದರೂ ಕಮ್ಮಿಯಾಗುತ್ತಿಲ್ಲ.

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಆರು ಸಲ "ಗೈ". ಗೈರುಹಾಜರಿ. ಜ್ವರದವರಿಗೆಲ್ಲ "ರ". ರಜೆ.

8 ಜನವರಿ 1968

ಇದಕ್ಕೇ ಹೆದರಿದ್ದೆ. ಮಾರ್ಚಿನಲ್ಲಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಹಾಜರಿ ಸಾಲದವರಿಗೆ ಹಾಲ್‌ಟಿಕೆಟ್ ಇಲ್ಲ. ಕಂಠಪ್ಪನವರು ಲೆಕ್ಕ ಹಾಕಿದರು. ಸಣ್ಣಿಗೆ ಐದು ದಿನ ಕಮ್ಮಿ. ಜುಲೈಯಲ್ಲಿ ಹಳ್ಳ ತುಂಬಿ ಬಂದಾಗ ತಪ್ಪಿದ್ದು ಬೇರೆ, ಅದರ ಮೇಲೆ ಈ ಆರು "ಗೈ". ಅವು "ರ" ಆಗಿದ್ದರೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆರಾಮಾಗಿ ಕೂರುತ್ತಿದ್ದಳು.

ಜೋಗಯ್ಯನಿಗೆ ಹೇಳಿ ಕಳಿಸಿದ್ದೆ. ಬಂದ. ಬಾಗಿಲಲ್ಲೇ ನಿಂತ, ಕೂತುಕೋ ಅಂದರೂ ಕೂರಲಿಲ್ಲ.

"ಎಲ್ಲೆ ಕಟ್ಟಿದ್ ಮ್ಯಾಕೆ ಫಾರೆಸ್ಟ್‌ನೋರು ಕೂಲಿಗ್ ಕರದ್ರೂ ನಾವು ದಾಟಾಕಿಲ್ಲ ಕಣವ್ವ. ಆದ್ರೆ ಮೊಗ ಓದ್ಬೇಕು. ಏನಾರ ತಪ್ಪುದಂಡ ಕಟ್ಟಿದ್ರೆ ಬುಟ್ಟಾರಾ?"

"ತಪ್ಪು ನಿಮ್ಮದಲ್ಲ ಜೋಗಯ್ಯ" ಅಂದೆ. ಯಾರದು ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು.

11 ಜನವರಿ

ಮೇಲಿನಿಂದ, ಆರೋಗ್ಯ ಇಲಾಖೆಗಂತೆ, ತುಂಬಿ ಕಳಿಸಬೇಕಾದ ಒಂದು ತಃಖ್ತೆ ಬಂದಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕಾಯಿಲೆ ಬಿದ್ದ ಮಕ್ಕಳು ಮತ್ತು ಸಿಬ್ಬಂದಿಯ ವಿವರ ಬೇಕಂತೆ. ಕಂಠಪ್ಪನವರು ನನ್ನ ಮುಂದೆ ಹಾಕಿದರು.

"ಏನು ಬರೀಲಿ ಸಾರ್?"

"ಬರೆಯೋದೇನು, ರಿಜಿಸ್ಟ್ರಲ್ಲಿ ಇರೋದನ್ನೇ ಬರೀರಿ."

ಇರುವುದನ್ನೇ ಬರೆದೆ! ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಹೆಸರು, ತಾರೀಖು, ಕಾಯಿಲೆ. ಮೂವತ್ತೆಂಟು ಜ್ವರ. ಸಣ್ಣಿಯ ಹೆಸರಿನ ಮುಂದೆ ಒಂದು ಗೆರೆ, ಕಾಯಿಲೆ ಇಲ್ಲ. ಸಿಬ್ಬಂದಿ ಪಟ್ಟಿಯಲ್ಲಿ ಕಂಠಪ್ಪ, ಐದು ದಿನ. ಆಮೇಲೆ ಸುನಂದಮ್ಮ... ಇಲ್ಲಿ ಕೈ ತಡೆಯಿತು. ಬಿಟ್ಟುಬಿಡೋಣ ಅನಿಸಿದ್ದು ನಿಜ. ಬರೆದೆ, ಎರಡು ದಿನ.

ಅವರು ಓದದೆ ಸೈನ್ ಹಾಕಿದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ. ಹನಗೋಡಿಗೆ ನಡೆದುಹೋಗಿ ನಾನೇ ಟಪಾಲಿಗೆ ಹಾಕಿ ಬಂದೆ.

24 ಜನವರಿ

ಬಂದರು! ಹುಣಸೂರಿನಿಂದ ಮಲೇರಿಯಾದವರು, ಇಬ್ಬರು, ಸೈಕಲ್ಲಿನ ಮೇಲೆ. ಸೂಜಿ, ಗಾಜಿನ ಪಟ್ಟಿಗಳ ಡಬ್ಬಿ, ಗುಳಿಗೆಯ ಡಬ್ಬ. ಕಾಡಂಚಿನ ಶಾಲೆ, ಮೂರು ತಿಂಗಳಲ್ಲಿ ಮೂವತ್ತೆಂಟು ಜ್ವರ, ಅವರು ಬೆಚ್ಚಿಬಿದ್ದಿದ್ದಾರೆ.

ತಃಖ್ತೆ ಹಿಡಿದು ಹೆಸರು ಕೂಗಿದರು. ಒಬ್ಬೊಬ್ಬರ ಬೆರಳಿಗೂ ಚುಚ್ಚಿ ರಕ್ತ ತೆಗೆದರು, ಆಮೇಲೆ ಕಹಿ ಗುಳಿಗೆ, ಎದುರಿಗೇ ನುಂಗಬೇಕು. ತಿಮ್ಮಯ್ಯ ಕಿಟಕಿಯಿಂದ ಹಾರಿದ, ಹಿಡಿದು ತಂದರು. "ಸಾ, ನಂಗೆ ಜರ ಇರ್ನಿಲ್ಲ ಸಾ, ಕಟ್ಟೆಮಳಲವಾಡಿಲಿ ಮಾರಬ್ಬ ಇತ್ತು ಸಾ!" ಅವರು ಕೇಳಲಿಲ್ಲ. ಕಾಗದದಲ್ಲಿ ಜ್ವರ ಅಂತಿದೆಯಲ್ಲ.

ಕೊನೆಗೆ ಸಿಬ್ಬಂದಿ. ಕಂಠಪ್ಪನವರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. "ನಂದು ಬೇರೆ ಥರದ ಜ್ವರ" ಅಂದರು. "ಯಾವ ಥರ ಇದ್ರೂ ಒಂದೇ ಸೂಜಿ ಸಾರ್" ಅಂದ ಮಲೇರಿಯಾದವನು.

ನನ್ನನ್ನೂ ಬಿಡಲಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ. ನಾಲ್ಕು ಗುಳಿಗೆ, ಗಂಟಲು ಇನ್ನೂ ಕಹಿ. ಸಣ್ಣಿ ಒಬ್ಬಳೇ ಬೆಂಚಿನ ಮೇಲೆ ಕೂತು ಎಲ್ಲರಿಗೂ ಚೊಂಬಿನಿಂದ ನೀರು ಕೊಟ್ಟಳು. ನನಗೂ ಕೊಟ್ಟಳು. ತುಟಿಯಂಚಿನಲ್ಲಿ ನಗುವಿತ್ತು. ನನಗೂ ಬಂತು.

12 ಫೆಬ್ರವರಿ, ಸಂಜೆ 6

ಮನೆಗೆ ಬಂದವಳೇ ಬರೆಯಲು ಕೂತೆ.

ಹನ್ನೊಂದಕ್ಕೆ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರ ಜೀಪು. ಕೈಯಲ್ಲಿ ಮಲೇರಿಯಾದವರ ಕಾಗದ. ತೆಗೆದ ರಕ್ತವೆಲ್ಲ ಶುದ್ಧ, ಒಬ್ಬರಿಗೂ ಏನೂ ಇಲ್ಲ.

"ಎಲ್ಲಾ ಜ್ವರವೂ ಹಬ್ಬ ಹಬ್ಬಕ್ಕೇ ಬಂದಿದೆ. ಇದ್ಯಾವ ಜ್ವರಾರೀ ಕಂಠಪ್ಪ, ಪಂಚಾಂಗ ನೋಡ್ಕೊಂಡು ಬರೋದು?"

ಕಂಠಪ್ಪನವರು ಹಣೆಯ ವಿಭೂತಿ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಸಾಹೇಬರು ಅರ್ಜಿಗಳ ಕಟ್ಟು ಬಿಚ್ಚಿಸಿದರು. ಜ್ವರ, ಜ್ವರ, ಜ್ವರ. ಮಧ್ಯದಲ್ಲಿ ಸಣ್ಣಿಯದು, ವಾಪಸ್ಸು ಬಂದದ್ದನ್ನು ನಾನೇ ಅಲ್ಲಿ ಸೇರಿಸಿಟ್ಟಿದ್ದೆ. ಎರಡು ಸಲ ಓದಿದರು.

"ಇದೊಂದಕ್ಕೆ ಯಾಕೆ ಸೈನ್ ಇಲ್ಲ?"

"ಕಾರಣ ಸರಿ ಇರ್ಲಿಲ್ಲ ಸಾರ್."

"ಮಿಕ್ಕದ್ದೆಲ್ಲ ಸರಿ ಇತ್ತೋ?" ನನ್ನ ಕಡೆ ತಿರುಗಿದರು. "ಏನಮ್ಮಾ, ತಮಗೂ ಎರಡು ದಿನ ಜ್ವರ. ಬಂದಿತ್ತೋ?"

ಹೌದು ಅಂದರೆ ಮುಗಿಯುತ್ತಿತ್ತು. ರಕ್ತ ಶುದ್ಧವಿದ್ದರೂ ಜ್ವರ ಬರಬಾರದೆಂದೇನಿಲ್ಲ. ಬಾಗಿಲ ಸಂದಿನಲ್ಲಿ ಏಳನೇ ಕ್ಲಾಸು ಕಾಣುತ್ತಿತ್ತು, ಮೊದಲ ಬೆಂಚಿನ ಕೊನೆಯಲ್ಲಿ ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ನನ್ನ ಹೆಸರು ಹೇಳಿ ಬೇಡಿಕೊಂಡಿದ್ದಾರೆ ಆ ಹಾಡಿಯವರು.

"ಇಲ್ಲ ಸಾರ್. ಜ್ವರ ಬಂದಿರಲಿಲ್ಲ. ಅಮ್ಮನ ಜೊತೆ ಕಾವೇರಿ ಸ್ನಾನಕ್ಕೆ ಹೋಗಿದ್ದೆ. ಮಕ್ಕಳಿಗೆ ಸುಳ್ಳು ಬರೆಯಲು ಕಲಿಸಿದವಳೂ ನಾನೇ, ಬೋರ್ಡಿನ ಮೇಲೆ. ನನ್ನ ಮೇಲೆ ಏನು ಬೇಕಾದರೂ ಬರೆಯಿರಿ. ಇಡೀ ಶಾಲೆಯಲ್ಲಿ ನಿಜ ಬರೆದವಳು ಅವಳೊಬ್ಬಳು, ಹಾಲ್‌ಟಿಕೆಟ್ ಇಲ್ಲದ್ದೂ ಅವಳೊಬ್ಬಳಿಗೇ."

ಒಂದೇ ಉಸಿರಿಗೆ ಅಂದೆ. ಆಮೇಲೆ, ಆಶ್ಚರ್ಯ, ಕಂಠಪ್ಪನವರ ದನಿ.

"ನಾನೂ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆ ಸಾರ್."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಬ್ಬರನ್ನೂ ನೋಡಿದರು. "ಇವನ್ನೆಲ್ಲಾ ಸುಳ್ಳು ಅಂತ ಹೊಡೆದುಹಾಕಿದ್ರೆ ನಿಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ಹಾಜರಿ ಸಾಲಲ್ಲ. ಹೊಡೆದುಹಾಕ್ಲೋ, ಇಲ್ಲಾ ನಿಜದ ಅರ್ಜಿಗೆ ಸೈನ್ ಹಾಕ್ತೀರೋ?"

ಕಂಠಪ್ಪನವರು ಪೆನ್ನು ತೆಗೆದರು. ಕೆಂಪು ಇಂಕು. ಒಂದೊಂದೇ "ಗೈ"ಗೆ ಗೆರೆ ಎಳೆದು ಮೇಲೆ "ರ" ಬರೆದರು. ಆರು ಸಲ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಇಷ್ಟು ಚೆಂದದ ಅಕ್ಷರ ಕನ್ನಡದಲ್ಲಿ ಇನ್ನೊಂದಿಲ್ಲ.

ಹೋಗುವಾಗ ಸಾಹೇಬರು ಅಂದರು, "ನೀವಿಬ್ರೂ ಹೊಸ ಅರ್ಜಿ ಬರೀರಿ. ಜ್ವರ ಬೇಡ." ಗದರಿದ್ದೋ ನಕ್ಕಿದ್ದೋ ತಿಳಿಯಲಿಲ್ಲ. ಇರಲಿ. ಗೆದ್ದೆವು!

19 ಫೆಬ್ರವರಿ

ಹೊಸ ಮಾದರಿ ಬೋರ್ಡಿನ ಮೇಲೆ ಹೋದ ವಾರವೇ ಬರೆದಿದ್ದೆ. ಕಾರಣ ಎಂಬಲ್ಲಿ ಖಾಲಿ ಬಿಟ್ಟು, ನಿಮ್ಮ ಮನೆಯಲ್ಲಿ ಆದದ್ದನ್ನು ಬರೆಯಿರಿ ಅಂದೆ. ಇಂದು ತಿಮ್ಮಯ್ಯನ ಅರ್ಜಿ — "ಅತ್ತೆಯ ಊರಲ್ಲಿ ದೇವರ ಹಬ್ಬ. ಬಾಡು ಜಾಸ್ತಿ ತಿಂದು ಮಾರನೇ ದಿನ ಏಳಲಾಗಲಿಲ್ಲ." ಕಂಠಪ್ಪನವರು ಪೂರ್ತಿ ಓದಿ, ನಕ್ಕು, ಸೈನ್ ಹಾಕಿದರು.

4 ಮಾರ್ಚ್

ಹಾಲ್‌ಟಿಕೆಟ್ ಬಂತು. ಸಣ್ಣಿ ಅದನ್ನು ಓದಲಿಲ್ಲ, ಮೊದಲು ಮೂಸಿ ನೋಡಿದಳು. ಆಮೇಲೆ ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಡಿಗೆ ಹೋದಳು.

8 ಏಪ್ರಿಲ್

ಪರೀಕ್ಷೆ ಆಗಿ ಎರಡು ವಾರ. ನಾಡಿದ್ದು ಫಲಿತಾಂಶ. ಸಣ್ಣಿ ಇಂದೇ ಅರ್ಜಿ ತಂದಳು, ಮುಂಗಡವಾಗಿ. ಯುಗಾದಿ ಕಳೆಯಿತಲ್ಲ, ಹಾಡಿಗೆ ಮತ್ತೆ ಎಲ್ಲೆ ಕಟ್ಟುತ್ತಾರಂತೆ.

"ರಿಜಲ್ಟ್ ದಿನ ಬರಾಕಾಗಾಕಿಲ್ಲ ಟೀಚರಮ್ಮ. ಎಲ್ಲೆ ಬಿಚ್ಚಿದ್ ಮ್ಯಾಕೆ ತಿಳ್ಕತೀನಿ."

"ಆರು ದಿನ ಕಾಯ್ತೀಯಾ?"

"ಇನ್ನೇನ್ ಮಾಡನೆ?"

10 ಏಪ್ರಿಲ್, ಬೆಳಿಗ್ಗೆ 11

ಪಟ್ಟಿ ಬಂತು. ಓದಿದೆ. ಮತ್ತೆ ಓದಿದೆ. ಕಂಠಪ್ಪನವರ ಕೈಗೆ ಕೊಟ್ಟು ಅವರ ಬಾಯಿಂದಲೂ ಓದಿಸಿದೆ.

ಕೂಡಲೇ ಅರ್ಧ ದಿನದ ರಜಾ ಅರ್ಜಿ ಬರೆದೆ. "ಮಾನ್ಯರೇ, ನನಗೆ ಜ್ವರ ಬಂದಿಲ್ಲ. ಆರು ದಿನ ಕಾಯಲು ನನ್ನಿಂದಾಗದು. ಹಳ್ಳದ ಈಚೆ ದಡದಲ್ಲಿ ನಿಂತು ಕೂಗಬೇಕಾಗಿದೆ."

ಓದಿದರು. ಸೈನ್ ಹಾಕಿದರು. ಆಮೇಲೆ ಡ್ರಿಲ್ಲಿನ ಪೀಪಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು. "ನಿಮ್ ಗಂಟ್ಲು ಆಚೆ ಹಾಡೀವರ್ಗೂ ಕೇಳ್ಸಾಕಿಲ್ಲ ಕಣ್ರೀ, ನಡೀರಿ, ನಾನೂ ಬತ್ತೀನಿ." ತಮ್ಮ ಅರ್ಜಿಯಲ್ಲಿ ಅವರು ಬರೆದ ಕಾರಣ ನೋಡಿದೆ — ದೇವರ ಕೆಲಸ.

ಮಧ್ಯಾಹ್ನ 3, ಹಳ್ಳದ ದಂಡೆ

ಬಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪಟ್ಟಿ ಈ ಪುಸ್ತಕದೊಳಗೇ ಇದೆ. ನೀರು ಮೊಣಕಾಲಷ್ಟೂ ಇಲ್ಲ, ನಾಲ್ಕು ಹೆಜ್ಜೆ ಹಾಕಿದರೆ ಆಚೆ. ಹಾಕಲಿಲ್ಲ. ಆಚೆ ಎರಡು ಮರದ ನಡುವೆ ಸೊಪ್ಪಿನ ಹಗ್ಗ ಕಟ್ಟಿದ್ದಾರೆ.

ಕಂಠಪ್ಪನವರು ಪೀಪಿ ಊದಿದರು. ನಾಯಿ ಬೊಗಳಿತು. ಇನ್ನೊಂದು ಸಲ ಊದಿದರು.

ಜೋಗಯ್ಯ ಬಂದ. ಅವನ ಹಿಂದೆ ಯಾರೋ ಓಡಿ ಬರುತ್ತಿದ್ದಾರೆ... ಸಣ್ಣಿಯೇ. ಹಗ್ಗದ ಹತ್ತಿರ ಬಂದು ಗಕ್ಕನೆ ನಿಂತಳು. ದಾಟಲಿಲ್ಲ ನನ್ನ ಹುಡುಗಿ.

ಪಾಸ್ ಅಂದರೆ ಸಾಲದು. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟು, ಅದನ್ನೂ ಕೂಗಬೇಕು, ಇಡೀ ಶಾಲೆಗೆ ಮೊದಲು, ಅದನ್ನೂ. ಏಳುತ್ತೇನೆ. ಮೊದಲು ಹೆಸರು ಹಿಡಿದು —