ಹಿಮ ಕರಗಲಿ, ಆಮೇಲೆ

ಜನವರಿ 4, ಭಾನುವಾರ, ಸಂಜೆ

ಉಪ್ಪಿಲ್ಲದ ಸಾರು, ಎಣ್ಣೆಯಿಲ್ಲದ ಪಲ್ಯ. ಇವರು ಮುಖ ಹುಳಿ ಮಾಡಿಕೊಂಡೇ ಉಂಡರು. ಐದು ಗಂಟೆಗೇ ಟಿವಿ ಮುಂದೆ. ಗುಬ್ಬಿಯಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ಟರ್... ಇವರು ತಯಾರು ಮಾಡಿದ ಗೋಲ್‌ಕೀಪರ್ ಇರಮ್, ಸೈಕಲ್ ಶಾಪ್ ಏಜಾಜಣ್ಣನ ಮಗಳು, ಇವತ್ತು ಇಂಗ್ಲೆಂಡಿನಲ್ಲಿ ಮೊದಲ ಮ್ಯಾಚ್ ಆಡಬೇಕಿತ್ತು. ಓದಲು ಹೋದವಳು ಅಲ್ಲಿನ ಸಣ್ಣ ಊರಿನ ಫುಟ್‌ಬಾಲ್ ತಂಡ ಸೇರಿದ್ದಾಳೆ. ಯೂಟ್ಯೂಬಿನಲ್ಲಿ ಲೈವ್.

ಐದೂಕಾಲಿಗೆ ಅವಳದೇ ಫೋನ್. "ಸರ್, ಮ್ಯಾಚ್ ಕ್ಯಾನ್ಸಲ್. ನೆಲ ಹೆಪ್ಪುಗಟ್ಟಿದೆ. ಬೂಟಿನ ಮುಳ್ಳೇ ಇಳೀತಿಲ್ಲ."

"ಏಪ್ರಿಲ್‌ನಲ್ಲಿ ಬಿಸಿಲಿಗೆ ನಮ್ ಗ್ರೌಂಡೂ ಹಂಗೇ ಇರ್ತಿತ್ತಲ್ಲಮ್ಮ, ಆಡ್ಲಿಲ್ವಾ ನೀನು?" ಅಂದು ನಕ್ಕರು. ಫೋನ್ ಇಟ್ಟ ಮೇಲೆ ನಗು ಇಲ್ಲ.

ನಾಳೆ ಇವರು ತುಮಕೂರಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಬೇಕು. ಹೃದಯದಲ್ಲಿ ಮೂರು ಬ್ಲಾಕ್. ತಡ ಮಾಡಬೇಡಿ ಅಂದಿದ್ದಾರೆ ಡಾಕ್ಟರ್.

"ಮುಂದಿನ್ ಭಾನುವಾರ ಆಡಿಸ್ತಾರಂತೆ ಕಣೇ. ಐಸಿಯುನಲ್ಲಿ ಫೋನ್ ಕೊಡಲ್ಲ. ಒಂದ್ ವಾರ, ಅಷ್ಟೇ."

ಜಗಳವಾಡಿದೆ. ಗೆದ್ದಿದ್ದು ಅವರು.

ಜನವರಿ 11, ಭಾನುವಾರ

ಮತ್ತೆ ಮ್ಯಾಚ್ ಇಲ್ಲ. ಈ ಸಲ ಹಿಮ. ಇರಮ್ ವಿಡಿಯೋ ಕಳಿಸಿದಳು. ಆಟಗಾರ್ತಿಯರೇ ಸಲಿಕೆ ಹಿಡಿದು ಹಿಮ ಎತ್ತುತ್ತಿದ್ದಾರೆ. ರೆಫರಿ ಬಂದು ನೆಲ ಒತ್ತಿ ನೋಡಿ, ಆಗಲ್ಲ ಅಂದನಂತೆ.

"ಮಾಸ್ಟ್ರೇ, ಮೊದ್ಲು ಆಸ್ಪತ್ರೆಗೆ ನಡೀರಿ. ಮ್ಯಾಚು ಎಲ್ಲಿಗ್ ಓಡೋಗುತ್ತೆ?" ಅಂದರು ಏಜಾಜಣ್ಣ.

"ನಂಗ್ ಹುಷಾರಿಲ್ಲ ಅಂತ ಇರಮ್‌ಗೆ ಹೇಳ್ಬೇಡ ಕಣಯ್ಯ. ಗೋಲಲ್ಲಿ ನಿಂತೋಳ ತಲೇಲಿ ಬೇರೆ ಯೋಚ್ನೆ ಇರಬಾರ್ದು."

ಆಮೇಲೆ ನನ್ನನ್ನೇ ನೋಡಿದರು. ನಮಗೆ ಮಕ್ಕಳಿಲ್ಲ. ಆ ಹುಡುಗಿ ನಮ್ಮ ಅಂಗಳದಲ್ಲೇ ಬಿದ್ದು ಎದ್ದು ಕಲಿತವಳು. ಆಸ್ಪತ್ರೆಗೆ ನಾನೇ ಫೋನ್ ಮಾಡಿ ದಿನ ಬದಲಾಯಿಸಿದೆ.

ಜನವರಿ 18

ಹಿಮ ಕರಗಿ ಮೈದಾನದ ತುಂಬ ನೀರಂತೆ. ಇನ್ನು ಮ್ಯಾಚ್ ಫೆಬ್ರವರಿ ಒಂದಕ್ಕೆ. ನಾಲ್ಕು ಹೆಜ್ಜೆಗೆ ಏದುಸಿರು ಇವರಿಗೆ.

"ಗುರುವಾರ ಹೋಗೋಣ ಬಿಡು. ಒಂದನೇ ತಾರೀಖಿಗೆ ಮನೇಲಿರ್ತೀನಿ." ಅವರ ಬಾಯಿಂದಲೇ ಬಂತು. ಬ್ಯಾಗ್ ತುಂಬಿಸಿಟ್ಟೆ.

ಜನವರಿ 29

ಬರೆಯಲು ಕೈ ಬಂದಿರಲಿಲ್ಲ.

ಹೋದ ಗುರುವಾರ, 22ರ ಬೆಳಿಗ್ಗೆ, ಆಸ್ಪತ್ರೆಗೆ ಹೊರಡಲು ಬೂಟು ಹಾಕಿಕೊಳ್ಳುತ್ತಾ ಬಗ್ಗಿದವರು ಏಳಲಿಲ್ಲ. ಬ್ಯಾಗು ಬಾಗಿಲ ಹತ್ತಿರವೇ ಇತ್ತು.

ಎಲ್ಲರೂ ಹಣೆಬರಹ ಅನ್ನುತ್ತಾರೆ. ಸುಳ್ಳು. ಆಸ್ಪತ್ರೆಗೆ ಫೋನ್ ಮಾಡಿ ದಿನ ಮುಂದೂಡಿದ್ದು ನಾನು.

ಇರಮ್ ಬಿಕ್ಕಿ ಬಿಕ್ಕಿ ಅತ್ತಳು. "ನಾನು ಆಡಲ್ಲ ಆಂಟಿ." ಗದರಿದೆ. "ಆಡು. ಅದಕ್ಕೇ ಕಾದಿದ್ದು ಅವ್ರು."

ಫೆಬ್ರವರಿ 1, ಭಾನುವಾರ, ಸಂಜೆ 5.40

ಹನ್ನೊಂದನೇ ದಿನ. ಅವರಿಗೆ ಇಷ್ಟವಾದುದನ್ನೆಲ್ಲ ಮಾಡಿ ಫೋಟೋ ಮುಂದೆ ಎಡೆ ಇಟ್ಟೆವು. ಸಾರಿಗೆ ಉಪ್ಪು ಹಾಕಿದೆ. ಕರಿದ ವಡೆಯನ್ನೂ ಇಟ್ಟೆ — ಇನ್ನು ಯಾವ ಡಾಕ್ಟರಿಗೆ ಹೆದರಬೇಕು? ಅವರು ಬಂದು ಉಣ್ಣುವಾಗ ಯಾರೂ ನೋಡಬಾರದೆಂದು ಬಾಗಿಲು ಮುಚ್ಚಿ ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ಮುಚ್ಚುವ ಮೊದಲು ಎಲೆಯ ಪಕ್ಕ ನನ್ನ ಫೋನ್ ಒರಗಿಸಿಟ್ಟೆ. ಮ್ಯಾಚ್ ಹಾಕಿ, ಸೌಂಡ್ ಪೂರ್ತಿ ಕೊಟ್ಟು.

"ಇದೆಂಥದ್ದೇ ಪ್ರಮೀಳಾ?" ಅಂದಳು ನಾದಿನಿ ಶಾಂತಲಾ. ಬಾಗಿಲು ಎಳೆದುಕೊಂಡೆ.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗಿನಿಂದ ಆ ದೇಶದ ಜನರ ಕೂಗು. ಗೋಲು ಹೋಯಿತೋ, ಹುಡುಗಿ ತಡೆದಳೋ... ಏಜಾಜಣ್ಣ ಅರ್ಧ ಎದ್ದರು, ಬಾಗಿಲು ನೋಡಿದರು, ಕೂತರು. ಅವರ ಜೇಬಿನಲ್ಲೂ ಫೋನಿದೆ.

"ನೋಡಿ ಏಜಾಜಣ್ಣ, ನಿಮ್ ಮಗಳು."

"ಮೊದ್ಲು ಮಾಸ್ಟ್ರು ನೋಡ್ಲಿ ಅಕ್ಕ."

ಮತ್ತೆ ಕೂಗು. ಈ ಸಲ ಜೋರು. ರೀ, ತಡೆದ್ಲಾ —